ಕೆರೆಗೋಡಿನ ಕಳ್ಳಿ

ನನ್ನ ಕೈಯಲ್ಲಿ ಗಿಡ ಬದುಕುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ನಾನು ಖಂಡಿತ ಒಪ್ಪುತ್ತಿರಲಿಲ್ಲ. ಬದುಕುತ್ತದೋ ಇಲ್ಲವೋ ನೋಡಲು ನಾನು ಗಿಡ ಸಾಕಿದ್ದೇ ಇಲ್ಲ, ಅದು ಬೇರೆ ಮಾತು. ಶಿಕಾರಿಪುರದ ನಮ್ಮ ಮನೆಯ ಅಂಗಳವೆಂದರೆ ಬೈಕು ನಿಲ್ಲಿಸುವಷ್ಟು ಸಿಮೆಂಟು. ನಾನು ಹುಟ್ಟಿ ಬೆಳೆದದ್ದು ಸೊರಬದ ಕಡೆ, ಕುಪ್ಪಗಡ್ಡೆಯಲ್ಲಿ. ಅಲ್ಲಿ ಗಿಡಗಳನ್ನು ಯಾರೂ ಸಾಕುವುದಿಲ್ಲ. ಅವು ತಾವೇ ಬೆಳೆದು ದಾರಿ ಮುಚ್ಚುತ್ತವೆ, ನಾವು ಕತ್ತಿ ಹಿಡಿದು ದಾರಿ ಬಿಡಿಸಿಕೊಳ್ಳಬೇಕು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಾನು ಸಾಕಿದ್ದು ಒಂದು ಹೊಲಿಗೆ ಮಿಷನ್ನನ್ನು. ಬೇರೆಯವರು ಕೆಡಿಸಿದ ಬ್ಲೌಸುಗಳೆಲ್ಲ ಕೊನೆಗೆ ನನ್ನ ಹತ್ತಿರವೇ ಬರುತ್ತವೆ. ಕೆಟ್ಟದ್ದನ್ನು ಬಿಚ್ಚಿ ಸರಿಮಾಡಲು ನನಗೆ ಬರುತ್ತದೆ ಎನ್ನುವ ಧೈರ್ಯ ಅಲ್ಲಿಂದ ಬಂದದ್ದು.

ಶ್ರಾವಣದ ಒಂದು ಬೆಳಿಗ್ಗೆ ನಮ್ಮೆಜಮಾನರು ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದರು. ಅವರ ತಂಗಿಯ ಮೆಸೇಜು ಬಂದಿತ್ತು. ‘ಅಣ್ಣ, ಮೇಲೆ ನನ್ನ ಗಿಡ ಇದ್ಯಾ? ಇದ್ರೆ ದೀಪಾವಳಿಗೆ ಬಂದು ತಗಂಡು ಹೋಗ್ತೀನಿ.’

“ಏನಂತ ಬರದ್ರಿ?” ಎಂದೆ.

“ಐತಿ, ಚೆನ್ನಾಗೈತಿ ಅಂತ ಹಾಕ್ದೆ.”

“ಮೇಲೆ ಹೋಗಿ ನೋಡಿದ್ರಾ?”

“ನೋಡಾದೇನೈತೆ? ಕಳ್ಳಿ ಗಿಡ. ಅದೆಲ್ಲಿ ಸಾಯ್ತತಿ?”

ಹೈಸ್ಕೂಲಿನಲ್ಲಿ ಗಣಿತ ಹೇಳುವ ಮನುಷ್ಯ, ಲೆಕ್ಕ ಮಾಡದೆ ಉತ್ತರ ಬರೆಯುವ ಮಕ್ಕಳಿಗೆ ದಿನವೂ ಬೈಯುವ ಮನುಷ್ಯ, ಹೀಗೆ ಹೇಳಿ ಟೀ ಲೋಟ ಎತ್ತಿಕೊಂಡು ಹೋದರು. ನಾನು ಒಲೆ ಸಣ್ಣ ಮಾಡಿ ಮಹಡಿ ಹತ್ತಿದೆ.

ಆ ಗಿಡ ಅಲ್ಲಿಗೆ ಹೋದ ಕತೆಯನ್ನು ಇಲ್ಲಿ ಹೇಳಲೇಬೇಕು. ಮೂರು ವರ್ಷದ ಹಿಂದೆ ನನ್ನ ನಾದಿನಿ ನಮ್ಮ ಜೊತೆಯೇ ಇದ್ದಳು. ಅತ್ತೆ ಮಾವ ತೀರಿಕೊಂಡು ಬಹಳ ವರ್ಷವಾಗಿದ್ದರಿಂದ ಅವಳಿಗೆ ತವರು ಅಂತ ಇದ್ದರೆ ನಮ್ಮ ಮನೆಯೇ. ಸೊರಬದ ತಾಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸ. ದಿನವೂ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಜ್ವರದ ಕಾಲ ಬಂದರೆ ಕ್ಯಾಸನೂರು ಕಡೆಯ ಊರುಗಳಿಗೆಲ್ಲ ಹೋಗಿ ರಕ್ತ ತೆಗೆದುಕೊಂಡು ಬರಬೇಕು. ಸಂಜೆ ಸುಸ್ತಾಗಿ ಬಂದವಳು ಮೊದಲು ನೋಡುತ್ತಿದ್ದದ್ದು ತನ್ನ ಕೋಣೆಯ ಕಿಟಕಿಯಲ್ಲಿ ಇಟ್ಟ ಕುಂಡವನ್ನು. ಎಲ್ಲಿಂದಲೋ ತಂದ ಗೇಣುದ್ದದ ಕಳ್ಳಿ ಗಿಡ, ಮೈತುಂಬ ಗೆರೆ, ಗೆರೆಯ ತುಂಬ ಮುಳ್ಳು. ಮುಳ್ಳಿನ ಗಿಡ ಮನೆಯೊಳಗಿದ್ದರೆ ಜಗಳವಾಗುತ್ತದೆ ಎಂದು ನಾನು ವಾರಕ್ಕೊಂದು ಸಲ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು. “ಜಗಳ ಆಡೋಕೆ ನೀವಿದೀರಲ್ಲ ಅತ್ಗೆ, ಗಿಡ ಯಾಕೆ?” ಎನ್ನುತ್ತಿದ್ದಳು.

ಆ ವರ್ಷ ನಮ್ಮ ಕುಪ್ಪಗಡ್ಡೆಯಲ್ಲಿ ಒಂದು ಮದುವೆ. ಹೊರಡುವ ದಿನ ಬೆಳಿಗ್ಗೆ ಬೀರು ತೆಗೆದರೆ ನನ್ನ ಬೆಂಡೋಲೆ ಇಲ್ಲ. ನನ್ನಮ್ಮ ಕೊಟ್ಟ ಬೆಂಡೋಲೆ. ಪುಟ್ಟ ಡಬ್ಬಿ ಇದೆ, ಒಳಗೆ ಹತ್ತಿ ಇದೆ, ಹತ್ತಿಯ ಮೇಲೆ ಎರಡು ಗುಂಡಗಿನ ಗುರುತಿದೆ, ಓಲೆ ಇಲ್ಲ. ಎರಡು ದಿನದ ಹಿಂದೆ ನಾದಿನಿ “ಒಂದ್ಸಲ ಹಾಕ್ಕಂಡು ನೋಡ್ಲಾ?” ಎಂದು ಕೇಳಿ, ಕನ್ನಡಿಯ ಮುಂದೆ ನಿಂತು ನೋಡಿ, ಬಿಚ್ಚಿ ಕೊಟ್ಟಿದ್ದಳು. ನನ್ನ ತಲೆ ಕೆಟ್ಟುಹೋಯಿತು. ಮನೆಯೆಲ್ಲ ಹುಡುಕಿ ಅವಳ ಕೋಣೆಗೆ ಬಂದೆ. ಅವಳು ಕಿಟಕಿಯ ಪಕ್ಕ ಕಾಫಿ ಲೋಟ ಹಿಡಿದು ನಿಂತಿದ್ದಳು. ನಾನು ಗಟ್ಟಿಯಾಗಿ ಅಂದೆ: “ಮನೇಲಿ ಕಳ್ಳೀನ ಇಟ್ಕಂಡ್ರೆ ಇನ್ನೇನಾಗ್ತದೆ?”

ಗಿಡವೂ ಕಳ್ಳಿಯೇ, ಕದಿಯುವ ಹೆಣ್ಣೂ ಕಳ್ಳಿಯೇ. ನಮ್ಮ ಭಾಷೆ ಮಾಡಿಟ್ಟ ವ್ಯವಸ್ಥೆ ಅದು, ನಾನು ಮಾಡಿದ್ದಲ್ಲ. ಅವಳು ಸಂಜೆ ಕುಂಡವನ್ನು ಎತ್ತಿಕೊಂಡು ಹೋಗಿ ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಇಟ್ಟಳು. ನಾಲ್ಕನೇ ದಿನ ಸೊರಬದಲ್ಲಿ ರೂಮು ಮಾಡಿಕೊಂಡು ಹೋದಳು. ಬಸ್ಸಿನಲ್ಲಿ ಓಡಾಡಿ ಬೆನ್ನು ನೋವು ಎಂದು ಅಣ್ಣನಿಗೆ ಹೇಳಿದಳಂತೆ. ನಾನು ಹೇಳಿದ್ದು ಗಿಡಕ್ಕೆ ಎಂದು ನಮ್ಮೆಜಮಾನರಿಗೆ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ, ನನ್ನಮ್ಮನಿಗೂ ಹೇಳಿದೆ. ಮುಳ್ಳಿನ ಗಿಡದ ಬಗ್ಗೆ ನಾನು ಮೊದಲಿಂದ ಹೇಳುತ್ತಿದ್ದದ್ದಕ್ಕೆ ಸಾಕ್ಷಿಗಳೂ ಇದ್ದರು. ಎಲ್ಲರೂ ನಂಬಿದರು. ನಾನು ಏನು ಹೇಳಿದರೂ ನಂಬುವ ಹಾಗೆಯೇ ಹೇಳುತ್ತೇನೆ.

ಅವಳು ಹೋಗಿ ಎಂಟು ದಿನಕ್ಕೆ ದೋಸೆಗೆ ನೆನೆಹಾಕಲು ಉದ್ದಿನ ಡಬ್ಬಕ್ಕೆ ಕೈ ಹಾಕಿದೆ. ಬೆಂಡೋಲೆ ಕೈಗೆ ಬಂತು. ಮದುವೆಯ ಹಿಂದಿನ ದಿನ ಮನೆಗೆ ಸುಣ್ಣ ಬಳಿಯುವವರು ಬಂದಿದ್ದರಿಂದ ನಾನೇ ಬಚ್ಚಿಟ್ಟಿದ್ದೆ, ಬಚ್ಚಿಟ್ಟದ್ದನ್ನು ಮರೆತಿದ್ದೆ. ಯಜಮಾನರಿಗೆ ತೋರಿಸಿದೆ. “ಅಲ್ಲೇ ಇದ್ವಾ, ಸರಿ ಬಿಡು” ಎಂದರು. ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಅವಳು ಮಾತ್ರ ಮನೆಗೆ ಬರಲಿಲ್ಲ. ಹಬ್ಬಕ್ಕೆ ಡ್ಯೂಟಿ ಎನ್ನುತ್ತಿದ್ದಳು. ಅಣ್ಣನೇ ಉಂಡೆ ಚಕ್ಕುಲಿ ಕಟ್ಟಿಸಿಕೊಂಡು ಸೊರಬಕ್ಕೆ ಹೋಗಿ ನೋಡಿ ಬರುತ್ತಿದ್ದರು. “ಅತ್ಗೆ ಆರಾಮಾ ಅಂತ ಕೇಳಿದ್ಲು” ಎಂದು ಬಂದು ಹೇಳುತ್ತಿದ್ದರು. ಮೂರು ವರ್ಷದಲ್ಲಿ ಅವಳು ಈ ಮನೆಯಿಂದ ಬೇಕೆಂದು ಕೇಳಿದ್ದು ಆ ಗಿಡವೊಂದನ್ನೇ.

ಮಹಡಿಯಲ್ಲಿ ಗಿಡ ಇತ್ತು. ಚೆನ್ನಾಗಿರಲಿಲ್ಲ. ಕುಂಡದ ಮಣ್ಣು ಕಲ್ಲಾಗಿತ್ತು, ಗಿಡ ಒಂದು ಕಡೆಗೆ ವಾಲಿ ಟ್ಯಾಂಕಿಗೆ ತಲೆ ಕೊಟ್ಟಿತ್ತು. ಬುಡ ತೊಗಟೆ ಬಂದು ಕಂದಾಗಿತ್ತು, ಮೈ ಬತ್ತಿ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲ್ತುದಿ ಮಾತ್ರ ನಾಲ್ಕು ಬೆರಳಷ್ಟು ಹಸಿರು. ನಾನು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಈ ಗಿಡ ಸತ್ತರೆ ಅವಳು ಬರುವುದಕ್ಕೆ ಬೇರೆ ಕಾರಣವೇ ಇಲ್ಲ ಎಂಬುದು ನನಗೆ ಅಲ್ಲೇ ಹೊಳೆಯಿತು. ಹೆದರಿಕೆಯಾಯಿತು. ಆದರೆ ಹೆದರಿಕೆ ನನ್ನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ದೀಪಾವಳಿಗೆ ಇನ್ನೂ ದಿನ ಇದೆ, ಬದುಕಿಸುತ್ತೇನೆ ಎಂದು ತೀರ್ಮಾನಿಸಿ ಕೆಳಗಿಳಿದೆ.

ಗಿಡಕ್ಕೆ ಒಳ್ಳೆಯದು ಯಾವುದು ಎಂದು ಕುಪ್ಪಗಡ್ಡೆಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದಿಂದ ಕಡಿದು ತರುವ ಕಪ್ಪು ಮಣ್ಣಿಗೆ ನಾವು ಗೋಡು ಎನ್ನುತ್ತೇವೆ. ಗೋಡು ಹಾಕಿದ ಗದ್ದೆಯ ಭತ್ತ ನೋಡಿದವರು ಬೇರೆ ಗೊಬ್ಬರದ ಮಾತೇ ಆಡುವುದಿಲ್ಲ. ಊರಿನಲ್ಲಿರುವ ನನ್ನ ಅಣ್ಣನಿಗೆ ಫೋನು ಮಾಡಿದೆ. “ಒಂದು ಕಳ್ಳಿಗೆ ಗೋಡು ಬೇಕಾ ಮಾರಾಯ್ತಿ? ನಗ್ತಾರೆ ಯಾರಾದ್ರೂ” ಎಂದ. ಆದರೂ ಬೇಸಿಗೆಯಲ್ಲಿ ಕಡಿದು ಒಟ್ಟಿದ್ದ ಗೋಡನ್ನು ಸಿಮೆಂಟಿನ ಖಾಲಿ ಚೀಲದಲ್ಲಿ ತುಂಬಿ, ಬೈಕಿನ ಮೇಲಿಟ್ಟುಕೊಂಡು ತಂದು ಕೊಟ್ಟ. ತಂಗಿಯರ ಹುಚ್ಚಾಟಕ್ಕೆಲ್ಲ ಅಣ್ಣಂದಿರು ಹೀಗೆ ಬೈದುಕೊಂಡೇ ಹೆಗಲು ಕೊಡುತ್ತಾರೆ. ನಮ್ಮೆಜಮಾನರೂ ಒಬ್ಬಳ ಅಣ್ಣನೇ ಎಂಬುದು ಆಗ ನೆನಪಿಗೆ ಬಂದು ಮನಸ್ಸು ಚುರುಕ್ಕೆಂದಿತು.

ಹಳೆಯ ಮಣ್ಣು ಕೊಡವಿ, ಗೋಡು ತುಂಬಿ, ಗಿಡವನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಗಟ್ಟಿಯಾಗಿ ಒತ್ತಿದೆ. ಅಕ್ಕಿ ತೊಳೆದ ನೀರನ್ನು ಎಂದೂ ಚೆಲ್ಲಬಾರದೆಂದು ನನ್ನಮ್ಮ ಕಲಿಸಿದ್ದಾಳೆ. ಅದನ್ನು ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಹಾಕಿದೆ. ಮೊದಲ ವಾರ ಗಿಡ ಉಬ್ಬಿತು. ಗೆರೆಗಳು ಬಿಡಿಸಿಕೊಂಡವು, ಮೈಗೆ ಹೊಳಪು ಬಂತು. “ಏನ್ರೀ ಮೇಷ್ಟ್ರೇ, ನೋಡಿ ಹೆಂಗೆ ಬಂತು” ಎಂದು ಕರೆದು ತೋರಿಸಿದೆ. ಎರಡನೇ ವಾರ ಇನ್ನೂ ಉಬ್ಬಿತು. ಮೂರನೇ ವಾರ ಬುಡವನ್ನು ಬೆರಳಿಂದ ಒತ್ತಿದರೆ ಬೆರಳು ಒಳಗೆ ಹೋಯಿತು. ಕೊಳೆತ ಸೌತೆಕಾಯಿಯ ವಾಸನೆ ಬಂತು.

ಅವತ್ತು ಸಂತೆಯ ದಿನ. ಉಡುತಡಿ ಕಡೆಯಿಂದ ಸೊಪ್ಪು ಮಾರಲು ಬರುವ ಒಬ್ಬ ಅಜ್ಜಿ ಇದ್ದಾಳೆ. ಮನೆಯಲ್ಲಿ ಕುರಿ ಸಾಕುವವರು. ಮಧ್ಯಾಹ್ನ ಬುಟ್ಟಿ ಖಾಲಿಯಾದ ಮೇಲೆ ನಮ್ಮ ಮೆಟ್ಟಿಲ ಮೇಲೆ ಕೂತು, ನೀರು ಕುಡಿದು, ಎಲೆ ಅಡಿಕೆ ಹಾಕಿಕೊಂಡು ಬಸ್ಸಿಗೆ ಹೋಗುತ್ತಾಳೆ. ನಾನು ಕುಂಡ ಹಿಡಿದು ಅಳುಮೋರೆ ಮಾಡಿಕೊಂಡು ಕೆಳಗೆ ಬಂದದ್ದನ್ನು ನೋಡಿದಳು.

“ಏನ್ರೀ ಅಕ್ಕಾರೆ ಅದು? ಕಳ್ಳಿಗೆ ಗೋಡು ಹಾಕೀರಿ?”

“ಒಳ್ಳೆ ಮಣ್ಣಲ್ವಾ ಅಜ್ಜಿ?”

“ಒಳ್ಳೆ ಮಣ್ಣು ಭತ್ತಕ್ಕ ಕಣವ್ವಾ! ನಮ್ಮ ಕುರಿ ದೊಡ್ಡಿ ಸುತ್ತ ಕಳ್ಳಿ ಐತಿ, ನಮ್ಮ ಅತ್ತಿ ನೆಟ್ಟಿದ್ದು. ಒಂದು ಚರಿಗಿ ನೀರು ಹಾಕಿಲ್ಲ ಯಾರೂ. ನೀವು ಮುದ್ದು ಮಾಡಿ ಕೊಂದೀರಿ ನೋಡ್ರಿ.”

ಕೊಂದೀರಿ ಎಂಬ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಗಿಡದ ತುದಿಯನ್ನು, ಮುಳ್ಳಿನ ನಡುವೆ ಉಗುರು ಇಟ್ಟು ಒತ್ತಿ ನೋಡಿದಳು.

“ತುದಿ ಗಟ್ಟಿ ಐತಿ, ಅಳಬ್ಯಾಡ್ರಿ. ಕೊಳತಿದ್ದೆಲ್ಲ ಕೊಯ್ದು ತಗೀರಿ. ಒಂದು ಚುಕ್ಕಿ ಕಂದು ಉಳೀಬಾರ್ದು, ಉಳಿದ್ರ ಅದ ಮ್ಯಾಲೆ ಹತ್ತತೈತಿ. ಕೊಯ್ದ ಗಾಯಕ್ಕ ಒಲಿ ಬೂದಿ ಹಚ್ಚಿ ನೆರಳಾಗ ಇಡ್ರಿ.”

“ಮಣ್ಣಿಗೆ ಯಾವಾಗ ಇಡ್ಲಿ?”

“ಅವಸರ ಯಾಕ? ಹಸಿ ಗಾಯ ಮಣ್ಣಾಗ ಮುಚ್ಚಿದ್ರ ಒಳಗ ಕೊಳೀತೈತಿ. ಗಾಳಿಗಿಟ್ಟು ಒಣಗಿಸ್ರಿ. ಹದಿನೈದು ದಿನ ಅದರ ಕಡಿ ನೋಡಾಕೂ ಹೋಗಬ್ಯಾಡ್ರಿ.”

ಬಟ್ಟೆ ಕತ್ತರಿಸುವಾಗ ನಾನು ಎರಡನೇ ಸಲ ಅಳೆಯುವುದಿಲ್ಲ. ಅವತ್ತು ಎಲ್ಲಿ ಕೊಯ್ಯಬೇಕೆಂದು ನಾಲ್ಕು ಸಲ ಅಳೆದೆ. ಪೇಪರು ಮಡಚಿ ಗಿಡವನ್ನು ಹಿಡಿದು ಚಾಕು ಹಾಕಿದೆ. ಮೊದಲ ಹೋಳು ಪೂರ್ತಿ ಕಂದು. ಎರಡನೆಯದರಲ್ಲಿ ಅಂಚಿಗೆ ಹಸಿರು, ನಡುವೆ ಕಂದು. ಪ್ರತಿ ಸಲ ಚಾಕು ಒರೆಸಿ ಮತ್ತೆ ಕೊಯ್ದೆ. ಇಷ್ಟು ಸಾಕು ಎಂದುಕೊಂಡಾಗಲೂ ನಡುವೆ ಸಾಸಿವೆಯಷ್ಟು ಒಂದು ಚುಕ್ಕೆ ಕಂಡಿತು. ಬಿಟ್ಟುಬಿಡೋಣ, ಯಾರಿಗೆ ಕಾಣುತ್ತದೆ ಅನ್ನಿಸಿತು. ಆಗ ಯಾಕೋ ಆ ಬೆಳಗಿನ ಕೋಣೆ ನೆನಪಾಯಿತು. ಮೂರು ವರ್ಷ ಎಲ್ಲರ ಮುಂದೆ ನಾನು ಕಿಟಕಿಯ ಕಡೆ ನೋಡಿ ಹೇಳಿದೆ ಎನ್ನುತ್ತಿದ್ದೆ. ನಾನು ಕಿಟಕಿಯ ಕಡೆ ನೋಡಿರಲಿಲ್ಲ. ಚಾಕು ಒರೆಸಿ ಇನ್ನೊಂದು ಹೋಳು ತೆಗೆದೆ.

ಗೇಣುದ್ದ ಇದ್ದ ಗಿಡ ನಾಲ್ಕು ಬೆರಳಾಯಿತು. ಬಚ್ಚಲು ಒಲೆಯ ಬೂದಿ ಹಚ್ಚಿ, ಹಳೆಯ ತಟ್ಟೆಯಲ್ಲಿಟ್ಟು ಮಿಷನ್ನಿನ ಪಕ್ಕದ ಕಪಾಟಿನ ಮೇಲೆ ಇಟ್ಟೆ. “ಬೂದಿ ಬಳ್ಕಂಡು ಕುಂತೈತಿ, ಸನ್ಯಾಸಿ ಆತೇನು?” ಎಂದು ಯಜಮಾನರು ಕೀಟಲೆ ಮಾಡಿದರು. ಅಜ್ಜಿ ನೋಡಬೇಡ ಅಂದಿದ್ದಳು. ನಾನು ದಿನಕ್ಕೆ ಹತ್ತು ಸಲ ನೋಡಿದೆ. ಅಕ್ಕಿ ತೊಳೆಯುವಾಗಲೆಲ್ಲ ಕೈ ತಡೆದುಕೊಂಡೆ. ಏನಾದರೂ ಮಾಡುತ್ತಿದ್ದರೆ ನನಗೆ ಧೈರ್ಯ. ಏನೂ ಮಾಡದೆ ಕೂರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಬೂದಿ ಒರೆಸಿ ನೋಡಿದರೆ, ಕೊಯ್ದ ಜಾಗ ಒಣಗಿ ಬೆಳ್ಳಗೆ ಚರ್ಮ ಕಟ್ಟಿತ್ತು. ಅದರ ಮೇಲೆ ಬೆರಳಾಡಿಸಿದರೆ ತೇವವೇ ಇಲ್ಲ. ನಾನು ಒಬ್ಬಳೇ ಜೋರಾಗಿ ನಕ್ಕೆ.

ಹೊಸ ಮಣ್ಣಿನ ಕುಂಡ ತಂದು, ತಳದ ತೂತಿನ ಮೇಲೆ ಹೆಂಚಿನ ಚೂರು ಇಟ್ಟೆ. ಮನೆ ರಿಪೇರಿಗೆ ತಂದು ಉಳಿದಿದ್ದ ದಪ್ಪ ಮರಳು, ಇಟ್ಟಿಗೆ ಪುಡಿ, ಅಜ್ಜಿ ಮುಂದಿನ ಸಂತೆಗೆ ತಂದುಕೊಟ್ಟ ಒಂದು ಹಿಡಿ ಹಳೆಯ ಕುರಿಗೊಬ್ಬರ, ಇಷ್ಟು ಕಲಸಿ ಗಿಡ ಇಟ್ಟೆ. ಉಳಿದ ಗೋಡನ್ನು ಪಕ್ಕದ ಮನೆಯವರು ಕರಿಬೇವಿಗೆ ಕೇಳಿ ತೆಗೆದುಕೊಂಡು ಹೋದರು, ಆ ಕರಿಬೇವು ಈಗ ಅವರ ಮನೆಯ ಸೂರು ಮುಟ್ಟುತ್ತಿದೆ. ಕಳ್ಳಿಗೆ ಹತ್ತು ದಿನ ನೀರೇ ಕೊಡಲಿಲ್ಲ. ಆಮೇಲೂ ವಾರಕ್ಕೊಮ್ಮೆ ಅರ್ಧ ಲೋಟ, ಅಷ್ಟೇ. ಮಹಾನವಮಿ ಕಳೆದ ಮೇಲೆ ಒಂದು ದಿನ ಮೆಲ್ಲಗೆ ಎಳೆದು ನೋಡಿದೆ. ಬರಲಿಲ್ಲ, ಕೆಳಗಿನಿಂದ ಹಿಡಿದುಕೊಂಡಿತ್ತು. ಅದರ ಮುಂದಿನ ವಾರ ತುದಿಯ ನಡುವೆ ಎಳೆಯ ಮುಳ್ಳುಗಳು ಕಂಡವು, ಮುಟ್ಟಿದರೆ ಇನ್ನೂ ಚುಚ್ಚದಷ್ಟು ಮೆತ್ತಗೆ.

ದೀಪಾವಳಿಯ ದಿನ ಹತ್ತು ಗಂಟೆಯ ಬಸ್ಸಿಗೆ ಅವಳು ಬಂದಳು. ಸ್ವಲ್ಪ ಸೊರಗಿದ್ದಳು, ಕನ್ನಡಕ ಬಂದಿತ್ತು. ನಾನು ಹೊಸ ಸೀರೆ ಉಟ್ಟು, ಕುಂಡವನ್ನು ನಡುಮನೆಯ ಟೀಪಾಯಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೆ. ಏನು ಹೇಳಬೇಕು ಎಂಬುದನ್ನೂ ಸರಿಯಾಗಿ ಜೋಡಿಸಿಕೊಂಡಿದ್ದೆ. ಗಿಡ ಚಿಕ್ಕದಾಗಿದೆ, ತಪ್ಪು ನನ್ನದೇ, ಆದರೆ ಬೇರು ಬಿಟ್ಟಿದೆ, ಅಷ್ಟು ಹೇಳಿದರೆ ಅವಳು ನಗುತ್ತಾಳೆ, ಅಲ್ಲಿಗೆ ಎಲ್ಲ ಸರಿಹೋಗುತ್ತದೆ ಎಂಬುದು ನನ್ನ ಲೆಕ್ಕ.

ಅವಳು ಗಿಡದ ಕಡೆ ನೋಡಲೇ ಇಲ್ಲ. ಬಾಗಿಲಲ್ಲೇ ನಿಂತು ನನ್ನ ಕಿವಿ ನೋಡುತ್ತಿದ್ದಳು.

“ಸಿಕ್ಕಿದ್ವಾ ಅತ್ಗೆ?” ಎಂದಳು.

ಹಬ್ಬವೆಂದು ನಾನು ಬೆಂಡೋಲೆ ಹಾಕಿಕೊಂಡಿದ್ದೆ. ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅವಳಿಗೆ ನಾನು ಹೇಳಿರುತ್ತೇನೆ ಎಂದು ಅವರು, ಅವರು ಹೇಳಿರುತ್ತಾರೆ ಎಂದು ನಾನು. ಮೂರು ವರ್ಷ ಯಾರೂ ಹೇಳಿರಲಿಲ್ಲ.

“ಯಾವಾಗ ಸಿಕ್ಕಿದ್ವು?”

“ನೀ ಹೋಗಿ ಎಂಟು ದಿನಕ್ಕೆ. ಉದ್ದಿನ ಡಬ್ಬದಲ್ಲಿ. ನಾನೇ ಇಟ್ಟು ಮರ್ತಿದ್ದೆ.”

ಅವಳು ಕುರ್ಚಿಯ ಮೇಲೆ ಕೂತಳು. ಬ್ಯಾಗನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. “ರೂಮಿಗೆ ಹೋದ ಮೇಲೆ ನನ್ನ ಬ್ಯಾಗೆಲ್ಲ ಹುಡುಕಿದ್ದೆ ನಾನು” ಎಂದಳು. “ಬಟ್ಟೆ ಮಡಿಕೆ ಎಲ್ಲ ಬಿಡಿಸಿ ನೋಡಿದ್ದೆ. ನನಗೇ ಗೊತ್ತಿಲ್ದೆ ಎಲ್ಲಾದ್ರೂ ಸೇರ್ಕಂಡು ಬಂದಾವೇನೋ ಅಂತ. ವರ್ಷ ಆದ್ಮೇಲೂ ಒಂದೊಂದ್ಸಲ ನೋಡ್ತಿದ್ದೆ.”

ಅವಳು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ನಾನು ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. ಅವಳ ಕಾಲ ಹತ್ತಿರ ನೆಲದ ಮೇಲೆ ಕೂತೆ.

“ಅವತ್ತು ನಾ ಗಿಡಕ್ಕೆ ಹೇಳಿದ್ದಲ್ಲ ಕಣೇ,” ಎಂದೆ. “ನಿಂಗೇ ಹೇಳಿದ್ದು. ನಿನ್ನ ಮುಖ ನೋಡೇ ಹೇಳಿದ್ದು. ತಪ್ಪಾಯ್ತು.”

ಯಜಮಾನರು ಎದ್ದು ಹೊರಗೆ ಹೋದರು. ಅವಳು ಬ್ಯಾಗನ್ನು ತೊಡೆಯಿಂದ ಇಳಿಸಿ ಕೆಳಗಿಟ್ಟಳು. ಆಮೇಲೆ “ಗೊತ್ತಿತ್ತು” ಎಂದಳು, “ಮುಖ ನೋಡಿದ್ದು ನಾನಲ್ವಾ?” ಎಂದಳು. ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆದಳು. ನಾನೂ ಅತ್ತುಬಿಟ್ಟೆ, ಹಬ್ಬದ ದಿನ ಅಳಬಾರದು ಎಂದು ಬೇರೆಯವರಿಗೆ ಬೈಯುವವಳು.

ಊಟ ಮಾಡಿದಳು. ಹೋಳಿಗೆ ಎರಡು ಹಾಕಿದೆ, ಒಂದು ತಿಂದಳು. ಇವತ್ತು ಇದ್ದು ಹೋಗು ಎಂದರೆ ನಾಳೆ ಡ್ಯೂಟಿ ಎಂದಳು. ನಿಜವೋ ಸುಳ್ಳೋ, ಕೇಳುವ ಹಕ್ಕು ನನಗಿರಲಿಲ್ಲ. ಗಿಡವನ್ನು ಕೊನೆಗೆ ನೋಡಿದಳು. “ಇಷ್ಟೇನಾ ಉಳಿದಿದ್ದು?” ಎಂದಳು. ಗೋಡಿನ ಕತೆ, ಅಕ್ಕಿ ತೊಳೆದ ನೀರಿನ ಕತೆ, ಅಜ್ಜಿಯ ಕತೆ ಹೇಳಿದೆ. ಬೂದಿಯ ಕತೆಗೆ ತುಟಿಯಂಚಲ್ಲಿ ನಕ್ಕಳು. ನಾಲ್ಕು ಗಂಟೆಯ ಬಸ್ಸಿಗೆ ಕುಂಡವನ್ನು ಚೀಲದಲ್ಲಿಟ್ಟು, ಮುಳ್ಳು ತಾಗದ ಹಾಗೆ ಸುತ್ತ ಬಟ್ಟೆಯ ಚೂರು ತುಂಬಿ ಕೊಟ್ಟೆ. “ಮುಟ್ಟಿದ ಕೂಡ್ಲೆ ತಿಳಿಸು” ಎಂದೆ. ಬಸ್ಸಿನ ಕಿಟಕಿಯಿಂದ ತಲೆ ಆಡಿಸಿದಳು. ಕೆಟ್ಟದ್ದನ್ನೆಲ್ಲ ಬಿಚ್ಚಿ ಹೊಲಿದು ಸರಿಮಾಡುತ್ತೇನೆ ಎಂದುಕೊಂಡಿದ್ದ ನಾನು ಸುಮ್ಮನೆ ಮನೆಗೆ ಬಂದು ಪಾತ್ರೆ ತೊಳೆದೆ.

ಆರು ಗಂಟೆಗೆ ನನ್ನ ಫೋನಿಗೆ ಒಂದು ಫೋಟೋ ಬಂತು. ಅಣ್ಣನ ಫೋನಿಗಲ್ಲ, ನನ್ನದಕ್ಕೆ. ಸೊರಬದ ಅವಳ ರೂಮಿನ ಕಿಟಕಿ, ಕಿಟಕಿಯಲ್ಲಿ ಕುಂಡ. ಕೆಳಗೆ ಒಂದು ಸಾಲು: ‘ಕಳ್ಳಿ ಮನೆ ಮುಟ್ಟಿದ್ಲು.’

ಗಿಡಕ್ಕಾದರೆ ಮುಟ್ಟಿತು ಎನ್ನಬೇಕು. ಮುಟ್ಟಿದ್ಲು ಎಂದು ಬರೆದಿದ್ದಳು. ಇನ್ನೊಮ್ಮೆ ಓದಿದೆ. ಕೈ ತಪ್ಪಿ ಬಂದ ಅಕ್ಷರವಲ್ಲ, ಅವಳು ಓದು ಕಲಿತವಳು. ಎದೆಗೆ ಚುಚ್ಚಿತು, ನಗುವೂ ಬಂತು. ಏನು ಉತ್ತರ ಹಾಕಬೇಕೆಂದು ನಾನು ಇಷ್ಟು ಯೋಚಿಸಿದ್ದು ನನ್ನ ಜೀವನದಲ್ಲೇ ಇಲ್ಲ. ಕೊನೆಗೆ ಕೈ ಒರೆಸಿಕೊಂಡು ಬರೆದೆ: ‘ಸುಸ್ತಾಗಿರ್ತಾಳೆ. ಎಂಟು ದಿನ ಅವಳನ್ನ ಸುಮ್ನೆ ಬಿಡು, ನೀರು ಹಾಕಬೇಡ. ಒಂಬತ್ತನೇ ದಿನ ನಾನೇ ಬಂದು ನೋಡ್ತೀನಿ.’